ಮುಗಿದ ಕಾರ್ಯದ ಮರುನೋಟ

ಮನೆಯಲ್ಲೊಂದು ಮದುವೆ ನಡೆಯಿತೆನ್ನಿ. ಬೀಗರನ್ನು ಬೀಳ್ಕೊಟ್ಟು, ಚಪ್ಪರ ಬಿಚ್ಚಿಸಿ, ಮುಯ್ಯಿಯ ಲೆಕ್ಕ ಬರೆದಿಟ್ಟರೆ ಕಾರ್ಯ ಮುಗಿಯಿತೆಂದೇ ನಮ್ಮ ಭಾವನೆ. ಎಲ್ಲಿ ಎಡವಿದೆವು, ಯಾವುದು ಸಾಲದೆ ಹೋಯಿತು ಎಂದು ಬರೆದಿಡುವವರು ವಿರಳ. ಆ ಮಾತು ಬಂದರೂ ‘ಯಾರ ತಪ್ಪು’ ಎಂಬ ಮನಸ್ತಾಪದಲ್ಲಿ ಕೊನೆಗೊಳ್ಳುತ್ತದೆ. ‘ಏನು ತಪ್ಪಿತು’ ಎಂಬ ವಿಚಾರದವರೆಗೆ ಸಾಗುವುದಿಲ್ಲ.

ಈ ಎರಡು ಪ್ರಶ್ನೆಗಳ ಅಂತರವನ್ನು ಅರಿಯಲು ನಮ್ಮ ಬೆಂಗಳೂರಿನಲ್ಲಿಯೇ ಒಂದು ನಿದರ್ಶನವಿದೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ, ಚಂದ್ರನ ನೆಲ ಇನ್ನು ಸುಮಾರು 2 ಕಿಲೋಮೀಟರ್ ದೂರವಿರುವಾಗ, ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಡಿದುಕೊಂಡಿತು. ಅಂದಿನ ಇಸ್ರೋ ಅಧ್ಯಕ್ಷ ಕೆ. ಶಿವನ್ ಅವರ ಕಣ್ಣೀರನ್ನು ದೇಶವೇ ಕಂಡಿತು.

ಆದರೆ ಕೆಲಸ ಕಣ್ಣೀರಿನಲ್ಲಿ ನಿಲ್ಲಲಿಲ್ಲ. ದೊರೆತ ಮಾಹಿತಿಯನ್ನು ಪರಿಶೀಲಿಸಿ ಕಂಡುಕೊಂಡ ದೋಷಗಳನ್ನು ಮುಂದಿನ ಅಧ್ಯಕ್ಷ ಎಸ್. ಸೋಮನಾಥ್ ಅವರು 2023ರಲ್ಲಿ ಜನತೆಯ ಮುಂದೆ ಬಿಡಿಸಿ ಹೇಳಿದರು. ಐದು ಎಂಜಿನುಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ನೀಡಿದ್ದವು. ಅದರಿಂದ ಸಣ್ಣ ವ್ಯತ್ಯಾಸಗಳು ಕೂಡುತ್ತ ಹೋದವು. ಅವನ್ನು ಸರಿಪಡಿಸಲು ನೌಕೆ ಬೇಗ ತಿರುಗಬೇಕಿತ್ತು, ತಂತ್ರಾಂಶ ಅದಕ್ಕೆ ಮಿತಿಯಿಟ್ಟಿತ್ತು. ಇಳಿಯಬೇಕಾದ ತಾಣವೂ 500 ಮೀಟರ್ ಉದ್ದಗಲದ ಕಿರಿದಾದ ಜಾಗವಾಗಿತ್ತು.

ಪ್ರತಿ ದೋಷಕ್ಕೂ ಉತ್ತರವೆಂಬಂತೆ ಚಂದ್ರಯಾನ-3 ರೂಪುಗೊಂಡಿತು. ಎಂಜಿನುಗಳು ನಾಲ್ಕಾದವು. ಕಾಲುಗಳು ಬಲಗೊಂಡವು, ಇಂಧನ ಹೆಚ್ಚಿತು, ವೇಗವನ್ನಳೆಯುವ ಹೊಸ ಲೇಸರ್ ಉಪಕರಣ ಸೇರಿತು. ತಾಣದ ವಿಸ್ತಾರ 4 ಕಿಲೋಮೀಟರಿಗೆ 2.4 ಕಿಲೋಮೀಟರ್ ಆಯಿತು. ಎಲ್ಲಕ್ಕಿಂತ ಮಿಗಿಲಾಗಿ ಚಿಂತನೆಯ ದಿಕ್ಕೇ ಬದಲಾಯಿತು: ‘ಎಲ್ಲವೂ ಸರಿಯಾಗಿ ನಡೆದರೆ’ ಎಂಬುದರ ಬದಲು ‘ಇದು ಕೈಕೊಟ್ಟರೆ ಏನು ಗತಿ’ ಎಂದು ಕೇಳಿಕೊಂಡೇ ನೌಕೆಯನ್ನು ರಚಿಸಿದರು. 2023ರ ಆಗಸ್ಟ್ 23ರ ಸಂಜೆ ಅದು ಚಂದ್ರನ ದಕ್ಷಿಣ ಧ್ರುವದ ಸಮೀಪ ಸುರಕ್ಷಿತವಾಗಿ ಇಳಿಯಿತು.

ಇನ್ನೊಂದು ಸಂಗತಿಯೂ ಮನನೀಯ. ಸೋತಿತೆಂದು ಎಲ್ಲರೂ ಭಾವಿಸಿದ ಚಂದ್ರಯಾನ-2ರ ಕಕ್ಷಾನೌಕೆ ಚಂದ್ರನನ್ನು ಸುತ್ತುತ್ತಲೇ ಇತ್ತು. ಹೊಸ ತಾಣವನ್ನು ಆರಿಸಲು ನೆರವಾದುದು ಅದು ತೆಗೆದ ಚಿತ್ರಗಳೇ. ಮರುನೋಟವೆಂದರೆ ದೋಷಗಳ ಪಟ್ಟಿ ಮಾತ್ರವಲ್ಲ. ಉಳಿದುಬಂದುದರ ಗುರುತೂ ಹೌದು.

ಮದುವೆಯಾಗಲಿ, ಮನೆ ಕಟ್ಟಿದ್ದಾಗಲಿ, ಊರ ಜಾತ್ರೆಯ ದಾಸೋಹವಾಗಲಿ, ಮುಗಿದ ವಾರದೊಳಗೆ ಎಲ್ಲರೂ ಒಮ್ಮೆ ಕುಳಿತುಕೊಳ್ಳೋಣ. ಯಜಮಾನರಷ್ಟೇ ಅಲ್ಲ, ಅಡುಗೆ ಮಾಡಿದವರು, ಬಡಿಸಿದವರು, ಮನೆಯ ಸೊಸೆಯಂದಿರು, ಮಕ್ಕಳೂ ಅಂಜದೆ ಮಾತಾಡಲಿ. ಯಾರ ಹೆಸರನ್ನೂ ದೂರದೆ, ತಪ್ಪಿದ್ದೇನು, ಒಪ್ಪಿದ್ದೇನು, ಮುಂದೆ ಬದಲಿಸಬೇಕಾದುದೇನು ಎಂದು ಮೂರು ಸಾಲು ಬರೆದಿಡೋಣ. ಮುಯ್ಯಿಯ ಪುಸ್ತಕದ ಕೊನೆಯ ಪುಟವೇ ಅದಕ್ಕೆ ಸಾಕು. ಮುಂದಿನ ಕಾರ್ಯ ಮಾಡುವ ಮಕ್ಕಳಿಗೆ ಆ ಪುಟವೇ ಹಿರಿಯರ ಆಸ್ತಿಯಾದೀತು.