ಸಂಸಾರಸ್ಥರಿಗೆ ಮಾತ್ರ



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ, ಈ ಮೂರು ಊರುಗಳ ಯಾವ ಬಡಾವಣೆಗೆ ಹೋದರೂ ಒಂದು ಫಲಕ ಕಣ್ಣಿಗೆ ಬೀಳುತ್ತದೆ: ‘ಮನೆ ಬಾಡಿಗೆಗೆ ಇದೆ. ಸಂಸಾರಸ್ಥರಿಗೆ ಮಾತ್ರ.’ ಅದನ್ನು ತೂಗುಹಾಕಿದವರಲ್ಲಿ ನಮ್ಮ ಧರ್ಮಕೇಂದ್ರದ ಕುಟುಂಬಗಳೂ ಇವೆ. ಬಾಗಿಲ ಮೇಲೆ ಶಿಲುಬೆ, ಗೇಟಿನ ಮೇಲೆ ಈ ಫಲಕ. ಕ್ರಿಸ್ತಜಯಂತಿಗೆ ಗೋದಲಿಯನ್ನು ಅಲಂಕರಿಸುವಾಗ, ಛತ್ರದಲ್ಲಿ ಸ್ಥಳವಿಲ್ಲವೆಂದ ಬೆತ್ಲೆಹೇಮಿನವರನ್ನು ನೆನೆದು ಮರುಗುವವರೂ ನಾವೇ. ಮಾತು ಕಟುವಾಯಿತೆಂದು ನಿಮಗೆ ಅನ್ನಿಸಿದರೆ ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ, ಮಳೆಗಾಲದ ಒಂದು ಸಂಜೆ, ಹದಿನಾರರ ಹುಡುಗನೊಬ್ಬ ಗುರುನಿವಾಸದ ಬಾಗಿಲು ತಟ್ಟಿದ. ಹೆಗಲಲ್ಲಿ ಶಾಲೆಯ ಚೀಲ, ಅದರಲ್ಲಿ ಪುಸ್ತಕವಿರಲಿಲ್ಲ, ಒಂದು ಅಂಗಿ ಇತ್ತು. ಮನೆ ಬಿಟ್ಟು ಬಂದಿದ್ದ. ನಾನು ಊಟ ಬಡಿಸಿದೆ, ದುಂದುಗಾರ ಮಗನ ಸಾಮತಿಯನ್ನು ಹೇಳಿದೆ. ‘ಊರಿಗೆ ಕಳಸಬ್ಯಾಡ್ರಿ ಫಾದರ್’ ಎಂದ. ‘ಅಪ್ಪ ಒಂದು ಮಾತು ಬೈದರೆ ಏನಾಯಿತೋ ತಮ್ಮಾ’ ಎಂದು ಸಮಾಧಾನ ಹೇಳಿ, ನನ್ನ ಫೋನ್ ನಂಬರು ಬರೆದುಕೊಟ್ಟು, ನಾನೇ ಬಸ್ಸು ಹತ್ತಿಸಿ ಬಂದೆ. ಮಾತಾಡಿದ್ದು ಹದಿನೈದು ನಿಮಿಷವಿರಬಹುದು. ಆ ಸೆಕೆಯಲ್ಲೂ ಅವನು ಉದ್ದ ತೋಳಿನ ಅಂಗಿಯ ಗುಂಡಿ ಬಿಚ್ಚಲಿಲ್ಲ. ಏಕೆಂದು ನಾನು ಕೇಳಲೂ ಇಲ್ಲ. ಹತ್ತು ದಿನಗಳ ಬಳಿಕ ಅವನ ತಾಯಿ ಆ ನಂಬರಿಗೆ ಫೋನು ಮಾಡಿದಳು. ಮಗ ಮತ್ತೆ ಮನೆ ಬಿಟ್ಟಿದ್ದಾನೆ, ನಿಮ್ಮಲ್ಲಿಗೆ ಬಂದಿದ್ದಾನೆಯೇ ಎಂದು. ಬಂದಿರಲಿಲ್ಲ. ಬರುವುದಾದರೂ ಏಕೆ?

ಆ ಸಾಮತಿಯನ್ನು ನಾನು ಅನೇಕ ತಪಸ್ಸುಕಾಲಗಳಲ್ಲಿ ಬೋಧಿಸಿದ್ದೇನೆ. ಮಗ ಹಿಂದಿರುಗಿದ್ದನ್ನೇ ಒತ್ತಿ ಹೇಳಿದ್ದೇನೆ. ಎಂಥ ತಂದೆಯ ಬಳಿಗೆ ಹಿಂದಿರುಗಿದ ಎಂಬುದನ್ನು ಅವಸರದಲ್ಲಿ ದಾಟಿಸಿದ್ದೇನೆ. ಓಡಿಬಂದು ಕೊರಳನ್ನು ಅಪ್ಪಿಕೊಳ್ಳುವ ತಂದೆ ಪ್ರತಿ ಮನೆಯಲ್ಲೂ ಇಲ್ಲ. ಕುಡಿದು ಬಂದು ಬೆಲ್ಟು ಬಿಚ್ಚುವ ತಂದೆ ಇದ್ದಾನೆ. ಹದಿನಾರಕ್ಕೇ ಮಗಳ ಮದುವೆ ನಿಶ್ಚಯಿಸುವ ತಂದೆ ಇದ್ದಾನೆ. ಅಂಥವನ ಮನೆಯಿಂದ ಹೊರಟವರಿಗೆ ಈ ಸಾಮತಿಯನ್ನು ಹೇಳುವುದು ಶುಭಸಂದೇಶವನ್ನು ಬಸ್ ಟಿಕೆಟಿನಂತೆ ಬಳಸಿದ ಹಾಗೆ.

ನಾನು ಹದಿನೈದು ನಿಮಿಷದಲ್ಲಿ ಮುಗಿಸಿದ್ದಕ್ಕೆ ನಮ್ಮ ದೇಶದ ಕಾನೂನು 15 ದಿನ ಕೊಡುತ್ತದೆ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ, ಹದಿನೆಂಟು ತುಂಬದೆ ಮನೆಬಿಟ್ಟು ಬಂದ ಮಗುವನ್ನು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಆ ಮನೆ ಎಂಥದ್ದು, ಮಗು ಏನು ಹೇಳುತ್ತದೆ ಎಂದು ಸಮಾಜ ಕಾರ್ಯಕರ್ತರು 15 ದಿನಗಳಲ್ಲಿ ವಿಚಾರಿಸಿ ವರದಿ ಕೊಡಬೇಕು. ಹಿಂದೆ ಕಳುಹಿಸಬೇಕೋ ಬೇಡವೋ ಎಂಬ ತೀರ್ಮಾನ ಆಮೇಲೆ. 1098ಕ್ಕೆ ಕರೆ ಮಾಡಿದರೆ ಈ ಕೆಲಸ ಆರಂಭವಾಗುತ್ತದೆ. ಹಗಲಿರುಳೂ ಅದು ಉಚಿತ. ಸೆಮಿನರಿಯಲ್ಲಿ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿ ಬಂದ ನನಗೆ ಈ ನಾಲ್ಕು ಅಂಕಿಗಳು ಅಂದು ನೆನಪಾಗಲಿಲ್ಲ. ನಿಮ್ಮ ಮನೆಯ ಗೋಡೆಯ ಕ್ಯಾಲೆಂಡರಿನ ಮೇಲೆ ಇಂದೇ ಬರೆದಿಡಿ.

ಇದೆಲ್ಲ ಮುಂಬಯಿ, ಬೆಂಗಳೂರುಗಳ ಕಥೆ ಎನ್ನಬೇಡಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗುವ ರೈಲು ಈ ಮೂರೂ ಊರುಗಳ ಮೇಲೆಯೇ ಹಾಯುತ್ತದೆ. ರೈಲ್ವೆ ರಕ್ಷಣಾ ದಳದವರು 2018ರಿಂದ 2024ರ ಮೇ ತಿಂಗಳವರೆಗೆ ದೇಶದ ನಿಲ್ದಾಣಗಳಲ್ಲಿಯೂ ರೈಲುಗಳಲ್ಲಿಯೂ ರಕ್ಷಿಸಿದ ಮಕ್ಕಳು 84,119. ಎಲ್ಲರೂ ದೊಡ್ಡ ಊರು ತಲುಪುವುದಿಲ್ಲ. ಮೆಣಸಿನಕಾಯಿಯ ಕಾಲದಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಒಂದೇ ದಿನ ಎರಡು ಲಕ್ಷಕ್ಕೂ ಮಿಕ್ಕಿ ಚೀಲಗಳು ಬರುವುದುಂಟು; ಅಲ್ಲಿ ದುಡಿಯುವ ಕೈಗೆ ಕೆಲಸ ಸಿಗುತ್ತದೆ. ರಾಣೆಬೆನ್ನೂರಿನ ಸುತ್ತಲ ಬೀಜೋತ್ಪಾದನೆಯ ಹೊಲಗಳಲ್ಲಿ ಕ್ರಾಸಿಂಗ್ ಕೆಲಸಕ್ಕೆ ಎಳೆಯ ಬೆರಳುಗಳೇ ಲೇಸೆಂದು ಹೇಳುವವರಿದ್ದಾರೆ. ದುಡಿಸಿಕೊಳ್ಳುವಾಗ ವಯಸ್ಸು ಕೇಳದ ನಾವು, ರಾತ್ರಿ ಮಲಗಲು ಜಾಗ ಕೇಳಿದಾಗ ಮಾತ್ರ ಊರು, ಜಾತಿ, ಅಪ್ಪನ ಹೆಸರು ಎಲ್ಲವನ್ನೂ ಕೇಳುತ್ತೇವೆ.

ಹದಿನೆಂಟು ದಾಟಿದವರ ಪಾಡು ಇನ್ನೂ ಕಷ್ಟ. ಬಾಲಮಂದಿರದಲ್ಲಿ ಬೆಳೆದು ಹೊರಬಂದವರಿಗೆ 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ತಿಂಗಳಿಗೆ 4,000 ರೂಪಾಯಿಯ ನೆರವುಂಟು, ಇಪ್ಪತ್ತೊಂದು ತುಂಬುವವರೆಗೆ, ಅಗತ್ಯವಿದ್ದರೆ ಇಪ್ಪತ್ತಮೂರರವರೆಗೆ. ಒಳ್ಳೆಯದೇ. ಆದರೆ ‘ಸಂಸಾರಸ್ಥರಿಗೆ ಮಾತ್ರ’ ಎಂಬ ಫಲಕದ ಮುಂದೆ ಆ ದುಡ್ಡಿಗೆ ಏನು ಬೆಲೆ? ಇನ್ನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಮನೆಬಿಟ್ಟವನಿಗೆ ಆ ನೆರವೂ ಇಲ್ಲ. ಹುಡುಗಿಯಾದರೆ ‘ಸಖಿ’ ಕೇಂದ್ರದಲ್ಲಿ ಐದು ದಿನಗಳವರೆಗೆ ತಂಗಬಹುದು. ಆರನೆಯ ದಿನ? ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿಗೆ ರಾತ್ರಿಯ ಆಶ್ರಯವಿರಬೇಕೆಂದು 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿ ಹೇಳಿತ್ತು. 2011ರ ಜನಗಣತಿಯಲ್ಲೇ ರಾಣೆಬೆನ್ನೂರು ಲಕ್ಷ ದಾಟಿದ ಊರು. ನೂರು ಹಾಸಿಗೆಗಳ ಮಾತು ಸರ್ಕಾರದವರಿಗಿರಲಿ. ನಾನು ನಿಮ್ಮನ್ನು ಕೇಳುತ್ತಿರುವುದು ಎರಡೇ ಮಂಚ.

ನಿಮ್ಮ ಆಕ್ಷೇಪಗಳು ನನಗೆ ಗೊತ್ತು, ಪೂಜೆಯ ನಂತರ ಅಂಗಳದಲ್ಲಿ ನಿಂತು ಕೇಳಿದ್ದೇನೆ. ‘ಯಾರೋ ಏನೋ, ಕಳ್ಳರಿದ್ದರೆ ಹ್ಯಾಂಗ್ರಿ ಫಾದರ್?’ ಇರಬಹುದು. ಇಟಲಿಯ ತುರಿನ್ ನಗರದಲ್ಲಿ ಸಂತ ಜಾನ್ ಬೋಸ್ಕೋರವರು ದಿಕ್ಕಿಲ್ಲದ ಕೆಲವು ಹುಡುಗರಿಗೆ ಹುಲ್ಲಿನ ಅಟ್ಟದ ಮೇಲೆ ಮಲಗಲು ಜಾಗವನ್ನೂ ಹೊದಿಕೆಗಳನ್ನೂ ಕೊಟ್ಟರು. ಬೆಳಗಾಗುವಷ್ಟರಲ್ಲಿ ಹುಡುಗರೂ ಇಲ್ಲ, ಹೊದಿಕೆಗಳೂ ಇಲ್ಲ. ಆದರೂ 1847ರ ಮೇ ತಿಂಗಳ ಒಂದು ಮಳೆಯ ರಾತ್ರಿ ಗಾರೆ ಕೆಲಸ ಹುಡುಕಿ ಬಂದ ಅನಾಥ ಬಾಲಕನೊಬ್ಬ ತೊಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದಾಗ ಅವನನ್ನು ಒಳಗೆ ಕರೆದರು. ತಾಯಿ ಮಾರ್ಗರೆಟಮ್ಮ ಅಡಿಗೆಮನೆಯಲ್ಲೇ ಇಟ್ಟಿಗೆಗಳ ಮೇಲೆ ಹಲಗೆ ಜೋಡಿಸಿ ಹಾಸಿಗೆ ಮಾಡಿಕೊಟ್ಟಳು. ಕಳುವಿನ ಭಯ ಅವರಿಗೂ ಇತ್ತು, ಅದನ್ನು ಅವರು ಮುಚ್ಚಿಟ್ಟವರಲ್ಲ. ಬೆಂಗಳೂರಿನಲ್ಲಿ ಅವರ ಸಭೆಯವರು 1980ರಿಂದ ನಡೆಸುತ್ತಿರುವ ಬೋಸ್ಕೊ ಸಂಸ್ಥೆಯ ಬೇರು ಆ ಅಡಿಗೆಮನೆಯಲ್ಲಿದೆ. ಪ್ರತಿ ಜನವರಿ 31ರಂದು ಆ ಸಂತರ ಹಬ್ಬ ಆಚರಿಸುವ ನಾವು ಹೊದಿಕೆಯ ಲೆಕ್ಕ ಹಾಕುತ್ತ ಕುಳಿತಿದ್ದೇವೆ.

‘ಜಾಗ ಕೊಟ್ಟರೆ ಮನೆ ಬಿಡಲು ಕುಮ್ಮಕ್ಕು ಕೊಟ್ಟಂತೆ’ ಎನ್ನುವವರಿಗೆ ಒಂದೇ ಮಾತು: ಹಾವೇರಿಯಲ್ಲಿ ಹಾಸಿಗೆಯಿದೆಯೆಂದು ತಿಳಿದು ಯಾವ ಮಗುವೂ ಮನೆ ಬಿಡುವುದಿಲ್ಲ.

‘ಮತಾಂತರದ ಆರೋಪ ಬಂದೀತು’ ಎಂಬ ಭಯ ಸುಳ್ಳಲ್ಲ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಅದಕ್ಕಾಗಿಯೇ ಕದ್ದುಮುಚ್ಚಿ ಮಾಡುವುದು ಬೇಡ ಎನ್ನುತ್ತೇನೆ. ಹದಿನೆಂಟರೊಳಗಿನವರನ್ನು ಸಮಿತಿಗೆ ತಿಳಿಸದೆ ಒಂದು ದಿನವೂ ಇಟ್ಟುಕೊಳ್ಳುವಂತಿಲ್ಲ. ‘ಯೋಗ್ಯ ಸಂಸ್ಥೆ’ ಎಂದು ಸಮಿತಿಯಿಂದ ಮಾನ್ಯತೆ ಪಡೆಯಲು ಕಾಯ್ದೆಯಲ್ಲೇ ದಾರಿಯಿದೆ. ಅಧಿಕಾರಿಗಳು ತಪಾಸಣೆಗೆ ಬರಲಿ, ನೆರೆಯ ಹಿಂದೂ, ಮುಸ್ಲಿಂ ಹಿರಿಯರೂ ಬಂದು ನೋಡಲಿ. ಅಲ್ಲಿ ಜಪವೂ ಬೇಡ, ಉಪದೇಶವೂ ಬೇಡ. ನನ್ನ ಉಪದೇಶದ ಫಲವನ್ನು ಮೇಲೆ ಹೇಳಿದ್ದೇನೆ. ತಪಾಸಣೆ ಬೇಕೆನ್ನಲು ಇನ್ನೊಂದು ಕಾರಣವೂ ಉಂಟು. ಗುರುಗಳನ್ನು ನಂಬಿ ಬಂದ ಮಕ್ಕಳಿಗೆ ಧರ್ಮಸಭೆಯೊಳಗೇ ಅನ್ಯಾಯವಾಗಿದೆ, ಪೋಪ್ ಫ್ರಾನ್ಸಿಸ್‌ರವರು 2019ರಲ್ಲಿ ಅದಕ್ಕೆಂದೇ ಹೊಸ ನಿಯಮ ತರಬೇಕಾಯಿತು. ಆದುದರಿಂದ ಆ ಕೋಣೆಯ ಕೀಲಿಕೈ ನನ್ನೊಬ್ಬನ ಬಳಿ ಇರಬಾರದು. ದಂಪತಿಗಳಾದ ನೀವು ಸರದಿಯಂತೆ ಬರಬೇಕು.

ಧರ್ಮಕೇಂದ್ರದ ಸಭಾಂಗಣದ ಹಿಂದಿನ ಕೋಣೆಯಲ್ಲಿ ಈಗ ಹಬ್ಬದ ಶಾಮಿಯಾನ, ಮುರಿದ ಕುರ್ಚಿಗಳು, ಹಳೆಯ ಧ್ವನಿವರ್ಧಕಗಳು ತುಂಬಿವೆ. ಬಚ್ಚಲಿಗೆ ನೀರಿನ ಸಂಪರ್ಕವಿದೆ, ಕಿಟಕಿಗೆ ಚಿಲಕ ಹಾಕಿಸಬೇಕು. ಮುಂದಿನ ಪಾಲನಾ ಸಮಿತಿಯ ಸಭೆಗೆ ನಾನು ಖರ್ಚಿನ ಅಂದಾಜನ್ನು ತರುತ್ತೇನೆ. ವಿರೋಧಿಸುವವರು ತಮ್ಮ ಕಾರಣಗಳನ್ನು ಬರೆದು, ಸಹಿ ಹಾಕಿ ತನ್ನಿ. ಬಾಡಿಗೆ ಮನೆಯಿರುವವರು ಗೇಟಿನ ಆ ಫಲಕವನ್ನೂ ಬಿಚ್ಚಿಕೊಂಡು ಬಂದರೆ ಸಂತೋಷ.