ಬೇಸ್‌ಮೆಂಟಿಗೆ ಇಳಿಯೋರು ಯಾರು?

ಜೋರು ಮಳೆ ಬಂದ್ರೆ ಸಾಕು, ಅಪಾರ್ಟ್‌ಮೆಂಟಿನವರದ್ದು ಒಂದೇ ಮಾತು: "ಬೇಸ್‌ಮೆಂಟಿಗೆ ನೀರು ನುಗ್ಗಿದೆ, ಯಾರನ್ನಾದ್ರೂ ಇಳಿಸಿ." ಆ 'ಯಾರಾದ್ರೂ' ಯಾರು ಅಂತ ನಮಗೆ ಗೊತ್ತು. ಸೆಕ್ಯುರಿಟಿಯವರು, ಪಂಪ್ ಆಪರೇಟರ್, ಕಸ ಗುಡಿಸೋರು. ನಮ್ಮ ಕೇರಿಯ ಹುಡುಗರು, ಹೊಟ್ಟೆಪಾಡಿಗೆ ಬಂದ ವಲಸೆ ಕಾರ್ಮಿಕರು.

2025ರ ಮೇ ತಿಂಗಳ ಮಳೆ ನೆನಪಿದೆಯಾ? ಬೆಂಗಳೂರಿನ ಬಿಟಿಎಂ ಲೇಔಟ್‌ನ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟ್ ನೀರು ಹೊರಹಾಕಲು ಹೋದಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬರು ಅಲ್ಲಿನ ಹಿರಿಯ ನಿವಾಸಿ. ಇನ್ನೊಬ್ಬ ಅಲ್ಲೇ ಕೆಲಸಕ್ಕಿದ್ದ ನೇಪಾಳಿ ಕುಟುಂಬದ 12 ವರ್ಷದ ಹುಡುಗ. ಮಳೆಗೆ ಬೈದು ಸುಮ್ಮನಾದ್ವಿ. ಬೈಯಬೇಕಾದ್ದು ಕಟ್ಟಡದ ನಕ್ಷೆಗೆ.

ನೀರು ತಗ್ಗಿಗೆ ಹರಿಯುತ್ತೆ ಅಂತ ಸಣ್ಣ ಮಗುವಿಗೂ ಗೊತ್ತು. ಆದರೂ ಮೀಟರ್ ಬೋರ್ಡ್, ಪಂಪ್ ಸ್ಟಾರ್ಟರ್, ಜನರೇಟರ್ ಪ್ಯಾನಲ್, ಎಸ್‌ಟಿಪಿ ಎಲ್ಲವನ್ನೂ ಎಷ್ಟೋ ಕಡೆ ಬೇಸ್‌ಮೆಂಟಿಗೇ ತಳ್ತಾರೆ. ಮೇಲಿನ ಒಂದೊಂದು ಚದರಡಿಯನ್ನೂ ಮಾರಬೇಕಲ್ಲ!

ಇದಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ ಸ್ವಾಮಿ. ಬೋರ್ಡ್‌ಗಳು ನೆರೆ ಮಟ್ಟಕ್ಕಿಂತ ಮೇಲಿರಲಿ. ಬೇಸ್‌ಮೆಂಟಿನ ಕರೆಂಟನ್ನು ಒಣನೆಲದಲ್ಲಿ ನಿಂತೇ ಕಡಿಯೋ ಸ್ವಿಚ್ ಗೇಟಿನ ಹತ್ತಿರ ಇರಲಿ. ಬಾಡಿಗೆ ಜನರೇಟರ್ ಜೋಡಿಸೋ ಪಾಯಿಂಟ್, ನೀರೆತ್ತೋ ಪೈಪಿನ ಬಾಯಿ ಹೊರಗೋಡೆಯಲ್ಲೇ ಇರಲಿ. ಎಸ್‌ಟಿಪಿ ಕೆಸರನ್ನು ರಸ್ತೆಯಲ್ಲಿ ನಿಂತ ಸಕ್ಕಿಂಗ್ ಮೆಷಿನ್ನೇ ಎಳೆಯಲಿ. ಗುಂಡಿಯ ಪಂಪ್ ಕೆಟ್ಟರೆ ಸರಪಳಿ ಹಿಡಿದು ಮೇಲೆತ್ತೋ ಹಾಗಿರಲಿ. ಇದೆಲ್ಲ ಕಟ್ಟೋವಾಗಲೇ ಮಾಡಿದ್ರೆ ಖರ್ಚು ಕಮ್ಮಿ. ಮಾಡಲ್ಲ, ಯಾಕಂದ್ರೆ ಇಳಿಯೋಕೆ ಮನುಷ್ಯ ಅಗ್ಗಕ್ಕೆ ಸಿಗ್ತಾನೆ. ಇದೇ ಜಾತಿ. ಸಿಮೆಂಟಿನಲ್ಲಿ ಕಟ್ಟಿದ ಜಾತಿ.

ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನು ಇಳಿಸೋದನ್ನು 2013ರ ಕಾನೂನೇ ನಿಷೇಧಿಸಿದೆ. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರ ಏರಿತು, ಗುಂಡಿ ಹಾಗೇ ಇದೆ. ಆಮೇಲೆ ಹೆಣಕ್ಕೆ ಕೊಡೋ ದುಡ್ಡನ್ನು ಮೊದಲೇ ಪೈಪಿಗೆ ಹಾಕಿ ಅಂತ ಕೇಳೋದು ತಪ್ಪಾ?

ಸಂಗಾತಿಗಳೇ, ಶವಾಗಾರದ ಮುಂದೆ ಧರಣಿ ಕೂತಿದ್ದು ಸಾಕು. ಇನ್ನು ನಕ್ಷೆ ಮಂಜೂರು ಮಾಡೋ ಕಚೇರಿ ಮುಂದೆ ಕೂರೋಣ. ಒಂದೇ ಪ್ರಶ್ನೆ ಕೇಳೋಣ: ನೀರು ನುಗ್ಗಿದ ರಾತ್ರಿ ಒಬ್ಬ ಮನುಷ್ಯನನ್ನೂ ಕೆಳಗಿಳಿಸದೆ ಈ ಕಟ್ಟಡ ನಡೆಯುತ್ತಾ? ನಡೆಯಲ್ಲ ಅಂದ್ರೆ ಆ ನಕ್ಷೆಗೆ ಸೀಲ್ ಬೀಳಬಾರದು.

ಜೈ ಭೀಮ್.