ಬ್ಯಾಕ್ ಟು ಬ್ಲ್ಯಾಕ್: ಜನಪ್ರಿಯತೆ ಮತ್ತು ಮರುಚಿಂತನೆ

‘ಬ್ಯಾಕ್ ಟು ಬ್ಲ್ಯಾಕ್’ ಬ್ರಿಟಿಷ್ ಗಾಯಕಿ ಏಮಿ ವೈನ್‌ಹೌಸ್ ಅವರ ಎರಡನೆಯ ಸ್ಟುಡಿಯೊ ಆಲ್ಬಮ್. ೨೦೦೬ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಇದರ ನಿರ್ಮಾಪಕರು ಮಾರ್ಕ್ ರಾನ್ಸನ್ ಮತ್ತು ಸಲಾಮ್ ರೆಮಿ. ೧೯೬೦ರ ದಶಕದ ಸೋಲ್ ಸಂಗೀತದ ಧಾಟಿಯನ್ನೂ ಮುಚ್ಚುಮರೆಯಿಲ್ಲದ ಸಾಹಿತ್ಯವನ್ನೂ ವಿಮರ್ಶಕರು ಮೆಚ್ಚಿದರು. ೨೦೦೭ರಲ್ಲಿ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಮ್ ಇದೇ. ೨೦೦೮ರಲ್ಲಿ ಅವರಿಗೆ ಐದು ಗ್ರ್ಯಾಮಿ ಪ್ರಶಸ್ತಿಗಳು ಸಂದವು. ಅವುಗಳಲ್ಲಿ ಮೂರು, ವ್ಯಸನಮುಕ್ತಿ ಚಿಕಿತ್ಸೆಯನ್ನು ನಿರಾಕರಿಸುವ ‘ರಿಹ್ಯಾಬ್’ ಗೀತೆಗೆ ದೊರೆತವು. ೨೦೧೧ರ ಜುಲೈ ೨೩ರಂದು, ೨೭ನೆಯ ವಯಸ್ಸಿನಲ್ಲಿ, ಅತಿಯಾದ ಮದ್ಯಸೇವನೆಯಿಂದ ಅವರು ನಿಧನರಾದರು. ಆಲ್ಬಮ್ ಮತ್ತೆ ಬ್ರಿಟಿಷ್ ಮಾರಾಟಪಟ್ಟಿಯ ಅಗ್ರಸ್ಥಾನಕ್ಕೇರಿತು. ಆಸಿಫ್ ಕಪಾಡಿಯಾ ನಿರ್ದೇಶನದ ‘ಏಮಿ’ (೨೦೧೫) ಸಾಕ್ಷ್ಯಚಿತ್ರವು, ಗಾಯಕಿಯ ಅನಾರೋಗ್ಯವನ್ನು ಹಾಸ್ಯದ ವಸ್ತುವಾಗಿಸಿದ ಮಾಧ್ಯಮಗಳ ಪಾತ್ರವನ್ನು ಮುಂದಿಟ್ಟಿತು. ಒಂದು ಕಾಲಕ್ಕೆ ದಿಟ್ಟತನವೆಂದು ಕೊಂಡಾಡಲಾದ ನಿರಾಕರಣೆಯು ಈಗ ಆರೈಕೆ ದೊರೆಯದ ವ್ಯಕ್ತಿಯೊಬ್ಬರ ದನಿಯಾಗಿಯೂ ಕೇಳಿಸುತ್ತದೆ.